ವರ್ಷದ ಸುಸ್ತು, ಎಂಆರ್‌ಐನಲ್ಲಿ ಸಿ5–ಸಿ6 ಡಿಸ್ಕ್: ಎರಡಕ್ಕೂ ಸಂಬಂಧ ಇದೆಯಾ?

ಘಟ್ಟದಂಚು, ಸಕಲೇಶಪುರ

ಕಾಫಿ ತೋಟದಲ್ಲಿ ಕೆಲಸ ಮಾಡುವ ಒಬ್ಬರ ವಿಷಯ, ಅವರ ಒಪ್ಪಿಗೆ ಕೇಳಿಯೇ ಹಾಕುತ್ತಿದ್ದೇನೆ. ಗಂಡಸು, ವಯಸ್ಸು 41. ಹದಿನಾಲ್ಕು ತಿಂಗಳಿಂದ ಸುಸ್ತು, ಎಷ್ಟು ಮಲಗಿದರೂ ಇಳಿಯಲ್ಲ. ಒಂದು ದಿನ ಜೋರು ದುಡಿದರೆ ಮರುದಿನ, ಅದರಾಚೆ ದಿನ ಹಾಸಿಗೆಯಿಂದ ಏಳೋಕಾಗಲ್ಲ. ನಿಂತರೆ ತಲೆ ಹಗುರ, ಎದೆ ಡವಡವ. ಕುತ್ತಿಗೆ ಹಿಂದೆ ಬಿಗಿತ. ಮೆಣಸು ಕೊಯ್ಲಿನ ಸಮಯದಲ್ಲಿ ಎಲ್ಲವೂ ಜಾಸ್ತಿ. ಹಿಮೋಗ್ಲೋಬಿನ್ 12.6, ಥೈರಾಯ್ಡ್‌ನ ಟಿಎಸ್‌ಎಚ್ 2.9, ಸಕ್ಕರೆ ಸರಿ ಇದೆ. ಎಂಆರ್‌ಐ ರಿಪೋರ್ಟಿನಲ್ಲಿ ಬರೆದಿರೋದು ಇಷ್ಟೇ: ಸಿ5–ಸಿ6ರಲ್ಲಿ (ಕುತ್ತಿಗೆಯ ಐದು–ಆರನೇ ಮೂಳೆಗಳ ನಡುವೆ) ಡಿಸ್ಕ್ ಉಬ್ಬಿದೆ, ಥೀಕಲ್ ಸ್ಯಾಕ್ ಒತ್ತಿದೆ. ಕುತ್ತಿಗೆ ಆಪರೇಷನ್ ಆಗಿ ಸಿಎಫ್‌ಎಸ್ (ತಿಂಗಳುಗಟ್ಟಲೆ ಬಿಡದೆ ಕಾಡುವ ಸುಸ್ತಿನ ಕಾಯಿಲೆ) ವಾಸಿಯಾಯಿತು ಅನ್ನುವ ವಿಡಿಯೊ ನೋಡಿದ ಮನೆಯವರು ಸಾಲ ಮಾಡಿಯಾದರೂ ಮಾಡಿಸೋಣ ಅಂತಿದ್ದಾರೆ. ಮೊದಲು ಏನನ್ನು ನೋಡಬೇಕು?

ಕತ್ತುಹುರಿ, ಹಾಸನ (ಫಿಸಿಯೊಥೆರಪಿ)

ಆಪರೇಷನ್ ಮಾತು ಆಮೇಲೆ. ಆ ಒಂದು ಸಾಲಿನ ಮೇಲೆ ಯಾವ ತೀರ್ಮಾನವೂ ನಿಲ್ಲಲ್ಲ. ಜಪಾನಿನಲ್ಲಿ ಕುತ್ತಿಗೆಯ ಯಾವ ತೊಂದರೆಯೂ ಇಲ್ಲದ 1211 ಜನರಿಗೆ ಎಂಆರ್‌ಐ ಮಾಡಿ 2015ರಲ್ಲಿ ಪ್ರಕಟಿಸಿದರು. ಶೇ 87.6 ಮಂದಿಗೆ ಡಿಸ್ಕ್ ಉಬ್ಬಿತ್ತು. ಬೆನ್ನುಹುರಿಯೇ ಒತ್ತಿಸಿಕೊಂಡಿದ್ದವರು ಶೇ 5.3. ಥೀಕಲ್ ಸ್ಯಾಕ್ ಅಂದರೆ ಹುರಿಯ ಸುತ್ತ ನೀರು ತುಂಬಿಕೊಂಡಿರುವ ಚೀಲ ಕಣ್ರೀ, ಚೀಲ ಒಂದಿಷ್ಟು ಒಳಗೆ ಸರಿದರೂ ಹುರಿ ತನ್ನ ಪಾಡಿಗೆ ಇರಬಹುದು.

ಸಿಡಿ ತೆಗೆದುಕೊಂಡು ಹೋಗಿ ರೇಡಿಯಾಲಜಿಸ್ಟ್ ಹತ್ತಿರ ಇಷ್ಟನ್ನು ಬರೆಸಿಕೊಳ್ಳಿ. ಪ್ರತಿ ಮಟ್ಟದಲ್ಲಿ ಹುರಿ ಹಾದುಹೋಗುವ ಕಾಲುವೆಯ ಮುಂದಿನಿಂದ ಹಿಂದಿನ ಅಳತೆ ಎಷ್ಟು ಮಿಲಿಮೀಟರ್: 13ಕ್ಕಿಂತ ಕಡಿಮೆ ಇದ್ದರೆ ಇಕ್ಕಟ್ಟು, 10ಕ್ಕಿಂತ ಕೆಳಗೆ ಬಂದರೆ ನಿಜಕ್ಕೂ ಇಕ್ಕಟ್ಟು. ಎಂಆರ್‌ಐನ ಟಿ2 ಅನ್ನುವ ಬಗೆಯ ಚಿತ್ರದಲ್ಲಿ ಹುರಿಯೊಳಗೆ ಬಿಳಿ ಮಚ್ಚೆ ಇದೆಯಾ. ಕಿರುಮೆದುಳಿನ ತುದಿ ತಲೆಬುರುಡೆಯ ತಳದ ರಂಧ್ರದಿಂದ 5 ಮಿಲಿಮೀಟರ್‌ಗಿಂತ ಕೆಳಗೆ ಜಾರಿದೆಯಾ, ಅದಿದ್ದರೆ ಕಿಯಾರಿ ಅನ್ನುವ ಬೇರೆಯೇ ತೊಂದರೆ. ಎಷ್ಟೋ ರಿಪೋರ್ಟ್‌ಗಳಲ್ಲಿ ಈ ಕೊನೆಯದರ ಸುದ್ದಿಯೇ ಇರಲ್ಲ, ಕೇಳಿದರೆ ಮಾತ್ರ ನೋಡುತ್ತಾರೆ.

ಚಿತ್ರಕ್ಕಿಂತ ಮುಖ್ಯ ಕೈಕಾಲಿನ ಪರೀಕ್ಷೆ. ಹತ್ತು ಸೆಕೆಂಡಿನಲ್ಲಿ ಮುಷ್ಟಿ ಪೂರ್ತಿ ಕಟ್ಟಿ ಪೂರ್ತಿ ಬಿಚ್ಚುವುದು 20 ಸಲ ಆಗಬೇಕು, ಅದಕ್ಕಿಂತ ಕಡಿಮೆಯಾದರೆ ಅನುಮಾನ. ರೆಡ್ ಆಕ್ಸೈಡ್ ನೆಲದಲ್ಲಿ ಗೆರೆ ಇದ್ದರೆ ಅದರ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ನಡೆಸಿ, ಪಕ್ಕದಲ್ಲಿ ಒಬ್ಬರು ಇರಲಿ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ವಾಲುತ್ತಾರಾ, ಅಂಗಿ ಗುಂಡಿ ಹಾಕೋಕೆ ತಡವರಿಸುತ್ತಾರಾ, ಗೊತ್ತಾಗದೆ ಚಪ್ಪಲಿ ಕಾಲಿಂದ ಕಳಚುತ್ತಾ, ಮೂತ್ರಕ್ಕೆ ಅವಸರವಾಗುತ್ತಾ, ಕತ್ತು ಬಗ್ಗಿಸಿದರೆ ಬೆನ್ನಿನಲ್ಲಿ ಕರೆಂಟ್ ಹೊಡೆದ ಹಾಗೆ ಆಗುತ್ತಾ ಅಂತ ಕೇಳಿ. ಹಾಫ್‌ಮನ್, ಬೆಬಿನ್ಸ್ಕಿ ಚಿಹ್ನೆಗಳನ್ನು ಡಾಕ್ಟರೇ ನೋಡಬೇಕು. ನಡುಬೆರಳಿನ ಉಗುರು ಚಿಮ್ಮಿದಾಗ ಹೆಬ್ಬೆರಳು ತಾನಾಗಿ ಒಳಗೆ ಮಡಚಿಕೊಳ್ಳುವುದು ಹಾಫ್‌ಮನ್, ಅಂಗಾಲು ಗೀರಿದಾಗ ಕಾಲಿನ ಹೆಬ್ಬೆರಳು ಮೇಲೇಳುವುದು ಬೆಬಿನ್ಸ್ಕಿ.

ಮೆಣಸಿನ ಕೊಯ್ಲಿನಲ್ಲಿ ಜಾಸ್ತಿ ಆಗುತ್ತೆ ಅಂದಿರಲ್ಲ, ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಏಣಿ ಮೇಲೆ ನಿಂತು ಸಿಲ್ವರ್ ಮರದ ಬಳ್ಳಿ ನೋಡುತ್ತಾ ಗಂಟೆಗಟ್ಟಲೆ ಕತ್ತು ಹಿಂದಕ್ಕೆ ಚಾಚಿದರೆ ಕಾಲುವೆಯ ಹಿಂಗೋಡೆಯ ಹಳದಿ ತಂತುಪಟ್ಟಿ ಮಡಿಕೆಯಾಗಿ ಒಳಗೆ ಉಬ್ಬುತ್ತೆ, ಇಕ್ಕಟ್ಟು ಇನ್ನಷ್ಟು ಇಕ್ಕಟ್ಟಾಗುತ್ತೆ. ಆದರೆ ಏಣಿ ಕೆಲಸ ನಿಂತುಕೊಂಡೇ ಮಾಡುವ ಕೆಲಸವೂ ಹೌದು. ನಿಲ್ಲುವುದರಿಂದ ಆಗುವುದನ್ನು ಕುತ್ತಿಗೆಯ ಲೆಕ್ಕಕ್ಕೆ ಬರೆದುಬಿಡಬೇಡಿ.

ರಕ್ತದಲೆಕ್ಕ, ಚಿಕ್ಕಮಗಳೂರು (ಲ್ಯಾಬ್)

ಬಿ12 ಎಲ್ಲಿ? ಕೊಟ್ಟಿರುವ ಪಟ್ಟಿಯಲ್ಲಿ ಅದೇ ಇಲ್ಲ. ಬಿ12 ಕಡಿಮೆಯಾದರೆ ಹುರಿಯ ಹಿಂಭಾಗದ ನರಗಂಬಗಳೇ ಹಾಳಾಗುತ್ತವೆ, ಅದೂ ಕುತ್ತಿಗೆ ಮತ್ತು ಎದೆಯ ಮಟ್ಟದಲ್ಲಿ. ಸುಸ್ತು, ಕಾಲು ಜೋಮು, ಕಣ್ಣು ಮುಚ್ಚಿದರೆ ವಾಲುವುದು ಎಲ್ಲ ಡಿಸ್ಕ್ ಒತ್ತಿದ ಹಾಗೇ ಕಾಣುತ್ತೆ. ಪಕ್ಕದಲ್ಲಿ ಒಂದು ಡಿಸ್ಕ್ ಉಬ್ಬಿದ್ದರೆ ಎಲ್ಲರೂ ಅದರ ಕಡೆಗೇ ಬೆರಳು ತೋರಿಸುತ್ತಾರೆ. ಸಸ್ಯಾಹಾರಿಗಳು, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಬಿಡಲೇಬಾರದು. ಬಿ12 ನೋಡದೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸುಧಾರಿಸಿದ ಹಾಗೆ ಕಂಡು ನರ ಇನ್ನೂ ಕೆಡುತ್ತೆ.

ಗಂಡಸಿಗೆ 12.6 ಹಿಮೋಗ್ಲೋಬಿನ್ ಕಡಿಮೆಯೇ, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು) ನೋಡಿಸಿ. ದನ, ಕುರಿ ಜೊತೆ ಒಡನಾಟ ಇದ್ದು ಸಂಜೆ ಬೆವರು, ಬಿಟ್ಟುಬಿಟ್ಟು ಜ್ವರ ಬರುತ್ತಿದ್ದರೆ ಬ್ರುಸೆಲ್ಲಾ (ಜಾನುವಾರಿನಿಂದ ತಗಲುವ ಸೋಂಕು) ಪರೀಕ್ಷೆಯೂ ಬೇಕು. ಅದು ಬೆನ್ನುಮೂಳೆಗೂ ಕೂರುತ್ತೆ, ತಿಂಗಳುಗಟ್ಟಲೆ ಸುಸ್ತನ್ನೂ ಕೊಡುತ್ತೆ. ತೂಕ ಇಳಿದು ರಾತ್ರಿ ನೋವು ಜಾಸ್ತಿಯಾದರೆ ಮೂಳೆಯ ಟಿಬಿ ನೆನಪಿರಲಿ.

ಘಟ್ಟದಂಚು

ಗುಂಡಿ, ಮುಷ್ಟಿ, ಗೆರೆ ನಡಿಗೆ ಎಲ್ಲ ಸರಿ ಇದೆ. 23 ಸಲ ಮುಷ್ಟಿ ಆಯಿತು. ಬಿ12 ಮಾಡಿಸಿದ್ದಾರಂತೆ, 1100 ಮೇಲೆ. ಆದರೆ ಅದಕ್ಕೂ ಮೊದಲು ಕ್ಲಿನಿಕ್ಕಿನಲ್ಲಿ ಐದು ತಾಕತ್ತಿನ ಇಂಜೆಕ್ಷನ್ ಹಾಕಿಸಿಕೊಂಡಿದ್ದರು.

ರಕ್ತದಲೆಕ್ಕ

ಹಾಗಾದರೆ ಆ 1100ಕ್ಕೆ ಬೆಲೆ ಇಲ್ಲ. ಆ ಕೆಂಪು ಇಂಜೆಕ್ಷನ್ನಿನಲ್ಲಿ ಇರೋದೇ ಬಿ12. ಬಿ12 ಕಡಿಮೆಯಾದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಕೂಡ ಇಂಜೆಕ್ಷನ್ ಆದ ಮೇಲೆ ಬೇಗ ಇಳಿಯುತ್ತೆ, ಈಗ ಮಾಡಿಸಿ ಪ್ರಯೋಜನ ಕಡಿಮೆ. ಇಂಜೆಕ್ಷನ್‌ಗೆ ಮುಂಚಿನ ಸಿಬಿಸಿ (ರಕ್ತಕಣಗಳ ಎಣಿಕೆ) ಕಾಗದ ಹುಡುಕಿ, ಎಂಸಿವಿ (ಕೆಂಪು ಕಣದ ಗಾತ್ರ, ಬಿ12 ಕಡಿಮೆಯಾದರೆ ಹಿಗ್ಗುತ್ತೆ) 100 ದಾಟಿತ್ತಾ ನೋಡಿ. ಕಬ್ಬಿಣದ ಅಂಶವೂ ಕಡಿಮೆ ಇದ್ದರೆ ಎಂಸಿವಿ ಸರಿಯಾಗೇ ಕಾಣಿಸಿ ಮೋಸ ಮಾಡುತ್ತೆ, ಅದೂ ತಲೆಯಲ್ಲಿರಲಿ.

ಮಲೆನಾಡ ಓಪಿಡಿ, ಹಾಸನ

ನರಚಿಹ್ನೆ ಒಂದೂ ಇಲ್ಲ ಅಂದರೆ ಬರೀ ಚಿತ್ರ ನೋಡಿ ಮುಂಜಾಗ್ರತೆಗೆ ಅಂತ ಆಪರೇಷನ್ ಮಾಡುವ ಪದ್ಧತಿ ಇಲ್ಲ. ಹುರಿ ನಿಜವಾಗಿ ಒತ್ತಿಕೊಂಡು ಲಕ್ಷಣ ಇದ್ದವರಿಗೆ ಕೈಕೆಲಸ, ನಡಿಗೆ, ಮೂತ್ರದ ಹಿಡಿತಕ್ಕೆ ಅಂಕ ಕೊಡುವ 18 ಅಂಕದ ಎಂಜೆಒಎ ಅಳತೆ ಹಾಕುತ್ತಾರೆ. 14 ಮತ್ತು ಅದಕ್ಕಿಂತ ಕೆಳಗಿದ್ದರೆ ಆಪರೇಷನ್ ಸಲಹೆ, 15ರಿಂದ 17 ಇದ್ದರೆ ಕಾದು ನೋಡುವುದಕ್ಕೂ ಅವಕಾಶ ಇದೆ. ಆಪರೇಷನ್‌ನ ಮೊದಲ ಉದ್ದೇಶವೇ ಇನ್ನಷ್ಟು ಹದಗೆಡದಂತೆ ತಡೆಯುವುದು.

ಸುಸ್ತು–ಕುತ್ತಿಗೆ ಸಂಬಂಧದ ಮಾತು ಗಾಳಿಸುದ್ದಿ ಏನಲ್ಲ. 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಪೀಟರ್ ರೋ ತಂಡ, ಎಂಇ-ಸಿಎಫ್‌ಎಸ್ (ಸಿಎಫ್‌ಎಸ್‌ನದೇ ಇನ್ನೊಂದು ಹೆಸರು) ಇದ್ದು ಕುತ್ತಿಗೆಯ ಕಾಲುವೆ ಕಿರಿದಾಗಿದ್ದ ಮೂವರು ಆಪರೇಷನ್ ನಂತರ ಚೆನ್ನಾಗಿ ಸುಧಾರಿಸಿದ್ದನ್ನು ಬರೆಯಿತು. ಆದರೆ ಮೂವರೇ, ಹೋಲಿಸಲು ಇನ್ನೊಂದು ಗುಂಪಿಲ್ಲ. ಅವರಿಗೂ ನರಪರೀಕ್ಷೆಯಲ್ಲಿ ಏರುಪೇರು ಕಂಡಿದ್ದಕ್ಕೇ ಎಂಆರ್‌ಐ ಮಾಡಿದ್ದು. ಇಲ್ಲಿ ಆದದ್ದು ಉಲ್ಟಾ: ಎಂಆರ್‌ಐ ಮೊದಲು, ಪರೀಕ್ಷೆ ಆಮೇಲೆ. ವಿಡಿಯೊಗಳಲ್ಲಿ ಬರುವುದು ಹೆಚ್ಚಾಗಿ ತಲೆ–ಕುತ್ತಿಗೆ ಕೂಡುವ ಜಾಗದ ಸಡಿಲಿಕೆಗೆ ಬುರುಡೆಯನ್ನೇ ಕುತ್ತಿಗೆ ಮೂಳೆಗೆ ಬೆಸೆಯುವ ಆಪರೇಷನ್. ಕತ್ತು ತಿರುಗಿಸುವುದರಲ್ಲಿ ಸುಮಾರು ಅರ್ಧ ಆಗುವುದು ಕುತ್ತಿಗೆಯ ಮೇಲಿನ ಎರಡು ಮೂಳೆ ಸಿ1–ಸಿ2 ನಡುವೆ. ಬುರುಡೆಯಿಂದ ಸಿ2ವರೆಗೆ ಬೆಸೆದರೆ ಆ ಅರ್ಧ ವಾಪಸ್ ಬರಲ್ಲ. ಸಿ5–ಸಿ6 ಡಿಸ್ಕ್ ಆಪರೇಷನ್‌ಗೂ ಅದಕ್ಕೂ ಸಂಬಂಧ ಇಲ್ಲ, ಮನೆಯವರಿಗೆ ಮೊದಲು ಇದನ್ನು ಬಿಡಿಸಿ ಹೇಳಿ.

ಈಗ ಮಾಡಬೇಕಾದ್ದು ಗೋಡೆ ಪರೀಕ್ಷೆ, ಬಿಪಿ ಮಿಷನ್ ಇದ್ದರೆ ಸಾಕು. ಬೆಳಿಗ್ಗೆ ಹತ್ತು ನಿಮಿಷ ಮಲಗಿಸಿ, ಬಿಪಿ ಮತ್ತು ನಾಡಿ ಬರೆದುಕೊಳ್ಳಿ, ಎರಡು ಸಲ ಹೆಚ್ಚುಕಡಿಮೆ ಒಂದೇ ಬರುವ ತನಕ. ಆಮೇಲೆ ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದೆ, ಭುಜದ ಹಿಂಭಾಗ ಮಾತ್ರ ಗೋಡೆಗೆ ತಾಗಿಸಿ ನಿಲ್ಲಿಸಿ. ಮಾತಿಲ್ಲ, ಕಾಲು ಬದಲಿಸುವಂತಿಲ್ಲ. ಹತ್ತು ನಿಮಿಷ, ನಿಮಿಷಕ್ಕೊಂದು ಸಲ ಅಳತೆ. ಬಿಪಿ ಇಳಿಯದೆ ನಾಡಿ 30 ಅಥವಾ ಹೆಚ್ಚು ಏರಿ ಅಲ್ಲೇ ನಿಂತರೆ ಪಾಟ್ಸ್ (ನಿಂತಾಗ ನಾಡಿ ಅತಿಯಾಗಿ ಏರುವ ತೊಂದರೆ) ಅನುಮಾನ. ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದು ಬೇರೆ ತೊಂದರೆ. ಕಣ್ಣು ಕತ್ತಲಿಟ್ಟರೆ ತಕ್ಷಣ ಮಲಗಿಸಿ, ಲೆಕ್ಕ ಪೂರ್ತಿ ಆಗಲಿ ಅಂತ ಹಟ ಬೇಡ. ಪರೀಕ್ಷೆಯಿಂದಲೇ ಮರುದಿನ ಕುಸಿಯಬಹುದು, ಅದಕ್ಕೆ ಎರಡು ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ದುಡಿದ ಮೇಲಿನ ಕುಸಿತ, ತಾಜಾತನ ಕೊಡದ ನಿದ್ದೆ, ಆರು ತಿಂಗಳು ದಾಟಿದ್ದು, ನಿಂತಾಗಿನ ತೊಂದರೆ: ಉಳಿದ ಕಾರಣ ತಳ್ಳಿಹಾಕಿದರೆ ಎಂಇ-ಸಿಎಫ್‌ಎಸ್ ಗುರುತಿಸುವ 2015ರ ಅಮೆರಿಕದ ಮಾನದಂಡಕ್ಕೆ ಇವರು ಹತ್ತಿರ ಬರುತ್ತಾರೆ. ಹಾಗಿದ್ದರೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ನಡೆಸಿ ಅನ್ನುವ ಸಲಹೆ ಬೇಡ, ಬ್ರಿಟನ್‌ನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್ 2021ರಲ್ಲೇ ಅದನ್ನು ಕೈಬಿಟ್ಟಿದೆ. ಇದ್ದ ಶಕ್ತಿಯೊಳಗೆ ಕೆಲಸ ಹಂಚಿಕೊಳ್ಳುವುದೇ ದಾರಿ.

ಘಟ್ಟದಂಚು

ಧನ್ಯವಾದ ಸರ್. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗೋದಾದರೆ ಬಸ್ಸಿನಲ್ಲಿ ಕಾಲರ್ ಹಾಕಿಸಬೇಕಾ?

ಕತ್ತುಹುರಿ

ಕುಲುಕಾಟದ ದಾರಿಗೆ ಮೆತ್ತನೆ ಕಾಲರ್ ಹಾಕಲಿ, ಇಳಿದ ಮೇಲೆ ತೆಗೆದಿಡಲಿ. ವಾರಗಟ್ಟಲೆ ಹಾಕಿದರೆ ಕುತ್ತಿಗೆಯ ಸ್ನಾಯು ಸೊರಗುತ್ತೆ. ಹಿಂದಿನ ಸೀಟು ಬೇಡ. ಒಂದೇ ದಿನ ಹೋಗಿ ಬರುವ ಲೆಕ್ಕ ಹಾಕಬೇಡಿ, ರಾತ್ರಿ ಅಲ್ಲೇ ಉಳಿಯಲಿ. ಆಯುಷ್ಮಾನ್ ಕಾರ್ಡ್ ಇದ್ದರೆ ಇಲ್ಲಿನ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಂಡೇ ಹೊರಡಿ, ಎಂಆರ್‌ಐ ಸಿಡಿ ಮರೆಯಬೇಡಿ, ಕಾಗದದ ಫಿಲ್ಮ್ ಸಾಲಲ್ಲ. ಈ ವರ್ಷ ಏಣಿ ಬೇಡ, ತಲೆ ಮೇಲೆ ಸಿಂಬೆ ಇಟ್ಟು 50 ಕೆಜಿ ಚೀಲ ಹೊರುವುದೂ ಬೇಡ. ಇನ್ನೊಂದು, ಸಲೂನಿನಲ್ಲಿ ಮಸಾಜ್ ಕೊನೆಗೆ ಕತ್ತು ಹಿಡಿದು ಲಟಕ್ ಅನ್ನಿಸುತ್ತಾರಲ್ಲ, ಅದಕ್ಕೆ ಕತ್ತು ಕೊಡಲೇಬಾರದು. ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಲಕ್ವ ಹೊಡೆಯುವ ಅಪಾಯ ಇದೆ. ಬಾಗಿಲಿಗೆ ಹಗ್ಗ, ಮರಳಿನ ಚೀಲ ಕಟ್ಟಿ ಮನೆಯಲ್ಲೇ ಎಳೆಯುವ ಟ್ರಾಕ್ಷನ್ ಕೂಡ, ಹುರಿಗೆ ಒತ್ತು ಇದೆಯೋ ಇಲ್ಲವೋ ನರರೋಗ ತಜ್ಞರು ಹೇಳುವ ತನಕ ಮುಟ್ಟಬೇಡಿ.