ಲೋಕಸಭೆಗೆ ನಿಲ್ಲುವವರು ನಮ್ಮ ಹನ್ನೊಂದು ಪ್ರಶ್ನೆಗಳಿಗೂ ‘ನನ್ನ ಬೆಂಬಲವಿದೆ’ ಎಂದಿದ್ದಾರೆ. ಈಗ ಏನು ಕೇಳಲಿ?

ಬೀಳಗಿಯ ಗಿರಣಿಯವಳು:

ಎಲ್ಲರಿಗೂ ಶರಣು. ಬೀಳಗಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ಹಿನ್ನೀರಿನ ಅಂಚಿಗೆ ಮೂರೆಕರೆ ಹೊಲವೂ ಇದೆ. ಆಲಮಟ್ಟಿ ಅಣೆಕಟ್ಟು ಎತ್ತರವಾದರೆ ಅದು ಮುಳುಗಡೆ. ಮುಂದಿನ ಲೋಕಸಭೆಗೆ ನಮ್ಮ ಬಾಗಲಕೋಟೆ ಕ್ಷೇತ್ರದಿಂದ ನಿಲ್ಲಬೇಕೆಂದು ಈಗಿನಿಂದಲೇ ಊರೂರು ತಿರುಗುತ್ತಿರುವ ಒಬ್ಬರು ಹೋದ ತಿಂಗಳು ನಮ್ಮ ಓಣಿಗೂ ಬಂದಿದ್ದರು. ಹೆಸರು, ಪಕ್ಷ ಇಲ್ಲಿ ಬೇಡ. “ಪ್ರಶ್ನೆಗಳನ್ನು ಬರೆದು ಕೊಡಿ, ನಾನೂ ಬರೆದೇ ಉತ್ತರ ಕೊಡುತ್ತೇನೆ” ಎಂದರು. ಆ ಮಾತು ನನಗೆ ಹಿಡಿಸಿತು.

ಗಿರಣಿಗೆ ಬಂದವರು ಹಿಟ್ಟು ಕೈಗೆ ಬರುವ ತನಕ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಗೋಡೆಗೆ ಸಿಕ್ಕಿಸಿದೆ, ಪೆನ್ನನ್ನು ದಾರದಲ್ಲಿ ಕಟ್ಟಿದೆ. ಎಂಟು ದಿನಕ್ಕೆ ಹನ್ನೆರಡು ಪ್ರಶ್ನೆ ಬಿದ್ದವು. ಮುಳುಗಡೆ ಪರಿಹಾರ, ಕಬ್ಬಿನ ಬಿಲ್ಲು, ಕುಡಚಿ ರೈಲು, ಪಂಪ್‌ಸೆಟ್ಟಿಗೆ ಹಗಲು ಹೊತ್ತಿನ ಕರೆಂಟು, ಓಣಿಯ ಗಟಾರ, ಹೀಗೆ. ಅದರಲ್ಲಿ ಒಂದನ್ನು ನಾನೇ ಹೊಡೆದುಹಾಕಿದೆ. ದಿನ ಬಿಟ್ಟು ದಿನ ಸೆರಗಿನಲ್ಲಿ ಒಂದು ಸೇರು ಜೋಳ ಕಟ್ಟಿಕೊಂಡು ಬರುವ ಅಜ್ಜಿಯೊಬ್ಬಳು ತನ್ನ ವೃದ್ಧಾಪ್ಯ ವೇತನ ಏಕೆ ಹೆಚ್ಚುವುದಿಲ್ಲ ಎಂದು ಬರೆಸಿದ್ದಳು. ಅದು ತಹಶೀಲ್ದಾರರ ಕಚೇರಿಯ ಮಾತು, ದಿಲ್ಲಿಯದಲ್ಲ ಎಂದುಕೊಂಡೆ.

ಉತ್ತರ ಬಂದಿದೆ. ನುಣುಪು ಹಾಳೆ, ಎರಡು ಪುಟ, ಮೇಲೆ ಕೈ ಮುಗಿದ ಫೋಟೊ. ಹನ್ನೊಂದಕ್ಕೂ ಒಂದೇ ಧಾಟಿ: “ಈ ವಿಷಯಕ್ಕೆ ನನ್ನ ಸಂಪೂರ್ಣ ಬೆಂಬಲವಿದೆ, ಅವಿರಥವಾಗಿ ಶ್ರಮಿಸುತ್ತೇನೆ.” ತಪ್ಪು ಅವರದೇ, ‘ಥ’ ನನ್ನದಲ್ಲ. ಗಟಾರಕ್ಕೂ ಬೆಂಬಲವಿದೆ ಎಂದಿದ್ದಾರೆ. ನಮಗೋ ಗಟಾರಕ್ಕೋ ತಿಳಿಯಲಿಲ್ಲ.

ಭಾನುವಾರ ಮತ್ತೆ ಬರುತ್ತಾರಂತೆ. ಸಂಸದನಾದವನ ಕೈಯಲ್ಲಿ ನಿಜಕ್ಕೂ ಇರುವುದು ಯಾವುದು, ಇಲ್ಲದ್ದು ಯಾವುದು? ಜಾರಿಕೊಳ್ಳದಂತೆ ಕೇಳುವುದು ಹೇಗೆ? ತಿಳಿದವರು ಹೇಳಿ.

ಮುಧೋಳದ ಕಬ್ಬಿನವ:

ಅಕ್ಕಾ, ಗಟಾರವನ್ನು ಪಟ್ಟಣ ಪಂಚಾಯಿತಿಗೆ ಬಿಡಿ, ಕರೆಂಟನ್ನು ಶಾಸಕರಿಗೆ ಬಿಡಿ. ಕಬ್ಬನ್ನು ಮಾತ್ರ ಬಿಡಬೇಡಿ.

ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ನಿಗದಿಯಾಗುವುದು ದಿಲ್ಲಿಯಲ್ಲಿ. 2025-26ಕ್ಕೆ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಸಕ್ಕರೆಯ ಕನಿಷ್ಠ ಮಾರಾಟ ದರವನ್ನು ಗೊತ್ತುಮಾಡುವುದೂ ಅಲ್ಲಿಯೇ. ಅದನ್ನು ಕಿಲೋಗೆ 29ರಿಂದ 31ಕ್ಕೆ ಏರಿಸಿದ್ದು 2019ರ ಫೆಬ್ರವರಿಯಲ್ಲಿ. ಆಗ ಎಫ್‌ಆರ್‌ಪಿ 275 ಇತ್ತು. ಕಬ್ಬಿನ ದರ ಏರಿದಷ್ಟು ಸಕ್ಕರೆಯದು ಏರಿಲ್ಲ ಎಂದು ಕಾರ್ಖಾನೆಯವರು ಇದನ್ನೇ ತೋರಿಸಿ ನಮ್ಮ ಮುಂದೆ ಅಳುತ್ತಾರೆ. ಅಳುವವರು ಎಂಥ ಕಾರಿನಲ್ಲಿ ಬರುತ್ತಾರೆ ಎಂಬುದು ಬೇರೆ ಮಾತು. 2025ರ ನವೆಂಬರಿನಲ್ಲಿ ಟನ್ನಿಗೆ 3,500 ಕೇಳಿ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕುಳಿತವರಲ್ಲಿ ನಾನೂ ಒಬ್ಬ. ರಾಜ್ಯ ಕೇಂದ್ರದ ಕಡೆ ಬೆರಳು ತೋರಿಸಿತು, ಕೇಂದ್ರ ರಾಜ್ಯದ ಕಡೆ. ಆದ್ದರಿಂದ “ಕಬ್ಬಿಗೆ ಬೆಂಬಲವಿದೆಯೇ” ಎಂದು ಕೇಳಬೇಡಿ. “ಸಕ್ಕರೆಯ ದರ ಎಷ್ಟಾಗಬೇಕು, ಅಂಕಿ ಹೇಳಿ” ಎನ್ನಿ. ಅವರಿಗೆ ಕಾರ್ಖಾನೆಯಲ್ಲಿ ಪಾಲಿದೆಯೇ ಎಂದೂ ಕೇಳಿ. ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಆಸ್ತಿಯ ವಿವರ ಕೊಡಲೇಬೇಕು. ಈಗಲೇ ಬಾಯಿಬಿಟ್ಟು ಹೇಳಲಿ.

ಬಿಲ್ಲಿನದು ಇನ್ನೊಂದು. ಕಬ್ಬು ಹೋದ ಹದಿನಾಲ್ಕು ದಿನದೊಳಗೆ ಹಣ ಬರಬೇಕು, ತಪ್ಪಿದರೆ ಶೇ 15 ಬಡ್ಡಿ. ಇದು ಕೇಂದ್ರದ 1966ರ ಕಬ್ಬು ನಿಯಂತ್ರಣ ಆದೇಶ. ಆ ಬಡ್ಡಿಯ ರೂಪಾಯಿಯನ್ನು ನಾನಂತೂ ಕಂಡಿಲ್ಲ.

ವಿಜಯಪುರದ ವಕೀಲ:

ಮುಳುಗಡೆಯ ವಿಷಯದಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಪ್ರಶ್ನೆಯಲ್ಲಿ ಕಟ್ಟಿದ್ದೀರಿ ಎನಿಸುತ್ತದೆ. ಬಿಡಿಸಿಕೊಳ್ಳಿ.

ಪರಿಹಾರ ರಾಜ್ಯದ್ದು. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟವು ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ಎಂದು ತೀರ್ಮಾನಿಸಿತು. ನಿಮ್ಮ ಮೂರೆಕರೆ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೇಗೆ ನಮೂದಾಗಿದೆ ಎಂದು ಮೊದಲು ನೋಡಿಕೊಳ್ಳಿ. ಬೋರು ಇದ್ದೂ ಕಾಗದದಲ್ಲಿ ಖುಷ್ಕಿ (ಒಣಬೇಸಾಯ) ಎಂದೇ ಉಳಿದಿದ್ದರೆ ಎಕರೆಗೆ ಹತ್ತು ಲಕ್ಷದ ಅಂತರ. ಇದಕ್ಕೆ ಸಂಸದರು ಬೇಕಾಗಿಲ್ಲ, ಮೊದಲು ಗ್ರಾಮ ಆಡಳಿತಾಧಿಕಾರಿಯನ್ನು ಕಾಣಿ.

ಅಣೆಕಟ್ಟಿನ ಎತ್ತರ ಬೇರೆ. ಕೃಷ್ಣಾ ನದಿ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿ 2010ರಲ್ಲಿಯೇ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು ಒಪ್ಪಿದೆ. ಅದು ಜಾರಿಯಾಗಬೇಕಾದರೆ ಕೇಂದ್ರದ ಗೆಜೆಟ್ ಅಧಿಸೂಚನೆ ಬೇಕು. ಹೊರಡಿಸದಂತೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆದಿದೆ. ಹಾಗಾಗಿ “ಆರು ತಿಂಗಳಲ್ಲಿ ಅಧಿಸೂಚನೆ ಮಾಡಿಸುತ್ತೇನೆ” ಎನ್ನುವವನು ಒಂದೋ ಓದಿಲ್ಲ, ಒಂದೋ ನಿಮ್ಮನ್ನು ಓದದವರೆಂದು ತಿಳಿದಿದ್ದಾನೆ. ಕೇಳಬೇಕಾದದ್ದು ಇದು: ಸಾಂಗ್ಲಿಗೆ ನೆರೆ ಬರುತ್ತದೆ ಎಂದು ಮಹಾರಾಷ್ಟ್ರ ತಕರಾರು ಎತ್ತಿದೆ, ಅಲ್ಲಿನ ನಿಮ್ಮ ಪಕ್ಷದವರೂ ಅದನ್ನೇ ಹೇಳಿದರೆ ನೀವು ಸದನದಲ್ಲಿ ಯಾರ ಪರವಾಗಿ ಎದ್ದು ನಿಲ್ಲುತ್ತೀರಿ?

ಇನ್ನು ನೀವು ಹೊಡೆದುಹಾಕಿದ ಪ್ರಶ್ನೆ. ಹನ್ನೆರಡರಲ್ಲಿ ಎಲ್ಲಕ್ಕಿಂತ ನೇರವಾಗಿ ದಿಲ್ಲಿಗೆ ಸಲ್ಲುವುದು ಅದೇ ಅಕ್ಕಾ! ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ಎಂಬುದಿದೆ. ಬಡತನ ರೇಖೆಯ ಕೆಳಗಿನ 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ಉಳಿದದ್ದನ್ನು ರಾಜ್ಯ ಸೇರಿಸುತ್ತದೆ. ಆ 200 ಹದಿನೈದು ವರ್ಷಕ್ಕೂ ಮೇಲಾಯಿತು, ಅಲ್ಲಾಡಿಲ್ಲ. ಸರ್ಕಾರಗಳು ಬದಲಾದವು, ಅದು ಬದಲಾಗಲಿಲ್ಲ. ಸಂಸದರು ಚುಕ್ಕೆ ಗುರುತಿನ ಪ್ರಶ್ನೆ ಕೇಳಿ, ಅದು ಸರದಿಗೆ ಬಂದರೆ ಸಚಿವರು ಎದ್ದು ನಿಂತು ಬಾಯಲ್ಲೇ ಉತ್ತರಿಸಬೇಕು. ಮೊದಲ ಅಧಿವೇಶನದಲ್ಲೇ ಈ ಪ್ರಶ್ನೆಗೆ ನೋಟಿಸ್ ಕೊಡುತ್ತೀರಾ ಎಂದು ಬರೆಸಿಕೊಳ್ಳಿ. ಕೊಟ್ಟರೋ ಇಲ್ಲವೋ ಎಂದು ಆಮೇಲೆ ಅವರನ್ನೇ ಕೇಳಿದರಾಯಿತು.

ನರಗುಂದದ ರೈತ:

ಜಿಲ್ಲೆ ಗದಗವಾದರೂ ವೋಟು ನಿಮ್ಮ ಕ್ಷೇತ್ರಕ್ಕೇ. ಅದೇ ನುಣುಪು ಹಾಳೆ ನಮಗೂ ಬಂದಿದೆ! ಅದೇ ‘ಅವಿರಥ’. ಆಲಮಟ್ಟಿ ಇದ್ದಲ್ಲಿ ಮಹದಾಯಿ ಎಂದಿದೆ, ಆದರೆ ಐದನೆಯ ಉತ್ತರದಲ್ಲಿ “ಬೀಳಗಿಯ ಹಿರಿಯರೇ” ಎಂದು ಹಾಗೆಯೇ ಉಳಿದುಬಿಟ್ಟಿದೆ. ಮಹದಾಯಿ ನದಿಯಿಂದ ನಮ್ಮ ಪಾಲಿನ 3.9 ಟಿಎಂಸಿ ನೀರಿಗೆ 2018ರಲ್ಲಿ ತೀರ್ಪಾಯಿತು, 2020ರಲ್ಲಿ ಗೆಜೆಟ್ಟಾಯಿತು, 2022ರ ಡಿಸೆಂಬರಿನಲ್ಲಿ ಯೋಜನಾ ವರದಿಗೂ ಒಪ್ಪಿಗೆ ಸಿಕ್ಕಿತು. ಆಮೇಲೆ ಅರಣ್ಯ, ವನ್ಯಜೀವಿ ಅನುಮತಿಗಳ ಬಾಗಿಲಲ್ಲಿ ಕಟ್ಟಿಹಾಕಿದರು. ಗೆಜೆಟ್ ಆದರೆ ಮುಗಿಯಿತು ಎಂದು ನಿಮಗೆ ಯಾರಾದರೂ ಹೇಳಿದರೆ ನಮ್ಮ ಊರಿಗೆ ಕಳಿಸಿ.

ಬೀಳಗಿಯ ಗಿರಣಿಯವಳು:

“ಬೀಳಗಿಯ ಹಿರಿಯರೇ” ಓದಿ ಗಿರಣಿಯಲ್ಲಿ ನಕ್ಕವರು ನಿಲ್ಲಿಸಲಿಲ್ಲ. ಆ ಹಾಳೆಯ ಫೋಟೊ ಕಳಿಸಿ ಅಣ್ಣಾ, ಭಾನುವಾರ ಎರಡನ್ನೂ ಪಕ್ಕಪಕ್ಕ ಇಡುತ್ತೇನೆ.

ವಕೀಲರೇ, ಉತಾರ ತೆಗೆಸಿ ನೋಡಿದೆ. ಖುಷ್ಕಿ ಎಂದೇ ಇದೆ. ಬಾವಿ ತೋಡಿಸಿದ್ದು ನನ್ನ ಮಾವನವರು, ಇಪ್ಪತ್ತು ವರ್ಷವಾಯಿತು. ನಾಳೆಯೇ ಹೋಗುತ್ತೇನೆ.

ಹನ್ನೊಂದನ್ನು ಮೂರಕ್ಕೆ ಇಳಿಸಿದ್ದೇನೆ: ಸಾಂಗ್ಲಿ, ಸಕ್ಕರೆ ದರ, ವೃದ್ಧಾಪ್ಯ ವೇತನ. ಅಜ್ಜಿ ಇವತ್ತು ಬಂದಿದ್ದಳು. ಅವಳ ಸಾಲನ್ನು ಅವಳೆದುರಿಗೇ ಮತ್ತೆ ಬರೆದೆ. ದಿಲ್ಲಿಯಿಂದ ತಿಂಗಳಿಗೆ ಇನ್ನೂರು ಬರುತ್ತದೆ ಎಂದರೆ ನಂಬಲಿಲ್ಲ. ಎರಡು ಸಲ ಹೇಳಿಸಿಕೊಂಡು, ಹಿಟ್ಟಿನ ಡಬ್ಬಿಯ ಮುಚ್ಚಳ ಒತ್ತಿ, “ಇನ್ನೂರಕ್ಕೆ ಈಗ ಎಷ್ಟು ಸೇರು ಜೋಳ ಬರುತ್ತದೆ ಎಂದು ಅವನನ್ನೇ ಕೇಳು, ನಾನೂ ಬರುತ್ತೇನೆ” ಎಂದಳು.