ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ಕ್ಯೂಬಾಗೆ ಹೋಗಬಾರದಾ?

ತುಮಕೂರಿನ ಅಮ್ಮ: ಮಗಳಿಗೆ ಹೋದ ವರ್ಷ ಅಮೆರಿಕದ ಪೌರತ್ವ ಸಿಕ್ಕಿತು. ಇಬ್ಬರೂ ಸೇರಿ ಹವಾನಾ ನೋಡೋಣ ಅಂತ ಆಸೆ. ಇಲ್ಲಿಯ ಟ್ರಾವೆಲ್ಸ್‌ನವರೊಬ್ಬರು "ಮೆಕ್ಸಿಕೊ ಮೇಲೆ ಹೋಗಿ, ಯಾರಿಗೂ ಗೊತ್ತಾಗಲ್ಲ" ಅಂದರು. ಮಗಳಿಗೆ ಭಯ. ನನಗಿಲ್ಲದ ತಡೆ ಅವಳಿಗೆ ಯಾಕೆ?

ಗುಬ್ಬಿ ಮೇಷ್ಟ್ರು: ಆ ಮಾತು ಕೇಳಬೇಡಿ ಅಮ್ಮಾ. ಯಾವ ದಾರಿಯಲ್ಲಿ ಹೋದರೂ ಅಮೆರಿಕದ ಕಾನೂನು ಅವಳ ಬೆನ್ನಿಗೇ ಇರುತ್ತದೆ. ನೀವು ಅಮೆರಿಕದಿಂದಲೇ ಹೊರಟರೆ ನಿಮಗೂ ಅದೇ. ಕ್ಯೂಬಾ ಮೇಲಿನ ವ್ಯಾಪಾರ ದಿಗ್ಬಂಧನ 1962ರದ್ದು, ಅಧ್ಯಕ್ಷ ಕೆನಡಿ ಕಾಲದ್ದು. ನಿಯಮದ ಹಿಡಿತ ಇರುವುದು ಅಲ್ಲಿ ಮಾಡುವ ಖರ್ಚಿನ ಮೇಲೆ. ಅದಕ್ಕೇ ಇದನ್ನು ನೋಡಿಕೊಳ್ಳುವುದು ಅಮೆರಿಕದ ಖಜಾನೆ ಇಲಾಖೆ. ದುಡ್ಡು ಬಿಚ್ಚದೆ ಊರು ನೋಡುವುದು ಹೇಗೆ? ಬರೀ ಪ್ರವಾಸಕ್ಕೆ ಅವಕಾಶ ಇಲ್ಲ. ಮನೆಯವರ ಭೇಟಿ, ಪತ್ರಿಕೆ ಕೆಲಸ, ಕ್ಯೂಬಾ ಜನರಿಗೆ ನೆರವು, ಹೀಗೆ 12 ಬಗೆಯ ಕಾರಣಗಳಿಗೆ ಮಾತ್ರ ಇದೆ.

ಸಿರಾ ಹುಡುಗ: ಇದು ಅನ್ಯಾಯ ಅಲ್ವಾ? ಜಗಳ ಸರ್ಕಾರಗಳದ್ದು, ಕಟ್ಟಿಹಾಕುವುದು ಜನರ ಕಾಲು. ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿ ಮೇನಕಾ ಗಾಂಧಿ ಕೇಸಿನಲ್ಲೇ ಹೇಳಿದೆ.

ತಿಪಟೂರು ನರ್ಸ್: ನಮ್ಮವರೂ ತಡೆದಿದ್ದಾರಲ್ಲ. 2017ರಲ್ಲಿ ಭಾರತೀಯರು ಯೆಮನ್‌ಗೆ ಹೋಗಬಾರದು ಅಂತ ಆದೇಶ ಬಂತು. ನಾನು ಗಲ್ಫ್‌ನಲ್ಲಿ ಕೆಲಸ ಮಾಡಿದವಳು. ಜಾಸ್ತಿ ಸಂಬಳ ಅಂದರೆ ಯುದ್ಧದ ಊರಿಗೂ ಹೊರಡುವ ಹುಡುಗಿಯರನ್ನು ಕಂಡಿದ್ದೇನೆ. 2015ರಲ್ಲಿ ಹಡಗು, ವಿಮಾನ ಕಳಿಸಿ ಯೆಮನ್‌ನಿಂದ ನಮ್ಮವರನ್ನು ಕರೆತಂದದ್ದು ನೆನಪಿದೆಯಾ? ಆ ತಡೆ ಬೇಕಿತ್ತು.

ಸಿರಾ ಹುಡುಗ: ಅಕ್ಕಾ, ಅಲ್ಲಿ ಮರಣದಂಡನೆ ವಿಧಿಸಿದ್ದ ಕೇರಳದ ನರ್ಸ್ ಕಥೆ ನಿಮಗೂ ಗೊತ್ತು. ಮಗಳ ಹತ್ತಿರ ಹೋಗಲು ಅವರ ತಾಯಿ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಅನುಮತಿ ಸಿಕ್ಕಿದ್ದು 2023ರ ಡಿಸೆಂಬರ್‌ನಲ್ಲಿ.

ತಿಪಟೂರು ನರ್ಸ್: ಗೊತ್ತು ತಮ್ಮಾ. ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಅಂಥವರಿಗೆ ಸುಲಭದ ದಾರಿ ಇರಲೇಬೇಕು. ಆದರೆ ಯೆಮನ್ ತಡೆ ಹೋಗುವವರ ಜೀವಕ್ಕಾಗಿ. ಕ್ಯೂಬಾದ್ದು ಅಲ್ಲಿಯ ಸರ್ಕಾರಕ್ಕೆ ಡಾಲರ್ ಸೇರದಿರಲಿ ಅಂತ. ಎರಡೂ ಒಂದೇ ಅಲ್ಲ.

ಗುಬ್ಬಿ ಮೇಷ್ಟ್ರು: ಇನ್ನೊಂದು ದೇಶದ ಮೇಲೆ ಒತ್ತಡ ಹಾಕಲು ನಾವೂ ತಡೆದಿದ್ದೆವು. ವರ್ಣಭೇದದ ಕಾಲದಲ್ಲಿ ನಮ್ಮ ಪಾಸ್‌ಪೋರ್ಟ್ ದಕ್ಷಿಣ ಆಫ್ರಿಕಾಕ್ಕೆ ನಡೆಯುತ್ತಿರಲಿಲ್ಲ. ಅದು ಸರಿ ಅಂತಲೇ ನನ್ನ ಮಾತು. ಬಹಿಷ್ಕಾರ ಹಾಕಿ ಅಂತ ಅಲ್ಲಿಯ ಹೋರಾಟಗಾರರೇ ಕೇಳಿದ್ದರು, ಪ್ರಪಂಚವೂ ಜೊತೆಗಿತ್ತು. ಕ್ಯೂಬಾ ವಿಷಯದಲ್ಲಿ 1992ರಿಂದ ವಿಶ್ವಸಂಸ್ಥೆಯ ಮಹಾಸಭೆ "ದಿಗ್ಬಂಧನ ತೆಗೆಯಿರಿ" ಅನ್ನುತ್ತಲೇ ಇದೆ.

ತುಮಕೂರಿನ ಅಮ್ಮ: ಹಾಗಾದರೆ ನಾವು ಹೋಗುವುದೇ ಬೇಡವಾ?

ಗುಬ್ಬಿ ಮೇಷ್ಟ್ರು: ಹೋಗಿ, ಕದ್ದು ಬೇಡ. "ಜನರಿಗೆ ನೆರವು" ಅನ್ನುವ ದಾರಿ ಇದೆ. ಸರ್ಕಾರಿ ಹೋಟೆಲ್ ಬಿಟ್ಟು ಅಲ್ಲಿಯವರ ಮನೆಗಳಲ್ಲಿ ಬಾಡಿಗೆಗೆ ಇಳಿಯಿರಿ. ಸುಮ್ನೆ ಬೀಚ್‌ನಲ್ಲಿ ಕೂತರೆ ಆಗದು. ದಿನದಿನದ ಕೆಲಸ ಬರೆದಿಡಿ, ರಸೀದಿ ಎತ್ತಿಡಿ. ಅಮೆರಿಕದ ಬ್ಯಾಂಕ್ ಕಾರ್ಡ್ ನಂಬಬೇಡಿ, ನಗದು ಇರಲಿ. ಹೊರಡುವ ಮುಂಚೆ ಖಜಾನೆ ಇಲಾಖೆಯ ಆಗಿನ ನಿಯಮ ಓದಿ.

ತುಮಕೂರಿನ ಅಮ್ಮ: ಮಗಳ ಹತ್ತಿರ ಮಾತಾಡಿದೆ. ಮೆಕ್ಸಿಕೊ ದಾರಿ ಬಿಟ್ಟೆವು. ನಾಳೆ ಹೋಗಿ ಮುಂಗಡ ವಾಪಸ್ ಕೇಳುತ್ತೇನೆ.