ಬೆಳ್ಳಿ ಕಣಗಳ ಮೇಲೆ ಥೈರಾಮ್: ಒಂದು ಕಡೆ ದೊಡ್ಡ ಪೀಕ್, ಪಕ್ಕದಲ್ಲೇ ಏನೂ ಇಲ್ಲ

ದ್ರಾಕ್ಷಿ_ಪ್ರಾಜೆಕ್ಟ್:
ದ್ರಾಕ್ಷಿ ಸಿಪ್ಪೆಯಲ್ಲಿ ಉಳಿದ ಥೈರಾಮ್ (ಬೆಳೆಗೆ ಹೊಡೆಯುವ ಶಿಲೀಂಧ್ರನಾಶಕ) ಅನ್ನು ರಾಮನ್‌ನಲ್ಲಿ, ಅಂದರೆ ಅಣುಗಳಿಂದ ಚದುರಿದ ಲೇಸರ್ ಬೆಳಕು ನೋಡಿ ಅವನ್ನು ಗುರುತಿಸುವ ವಿಧಾನದಲ್ಲಿ, ಹಿಡಿಯುವುದು ನನ್ನ ಎಮ್ಮೆಸ್ಸಿ ಪ್ರಾಜೆಕ್ಟ್. ಬೆಳ್ಳಿ ಕಣಕ್ಕೆ ಅಂಟಿದ ಅಣುವಿನ ಸಿಗ್ನಲ್ ತುಂಬಾ ಜೋರಾಗುತ್ತದೆ. ಕುದಿಯುವ ಸಿಲ್ವರ್ ನೈಟ್ರೇಟ್‌ಗೆ ಸಿಟ್ರೇಟ್ ಹಾಕಿ ಬೆಳ್ಳಿ ಕೊಲಾಯ್ಡ್ (ನೀರಿನಲ್ಲಿ ತೇಲುವ ಅತಿ ಸಣ್ಣ ಬೆಳ್ಳಿ ಕಣಗಳು) ಮಾಡಿದ್ದೇನೆ. ಅದಕ್ಕೆ ಸಿಪ್ಪೆ ತೊಳೆದ ದ್ರಾವಣ ಸೇರಿಸಿ, ಸಿಲಿಕಾನ್ ತುಂಡಿನ ಮೇಲೆ ಹನಿ ಬಿಟ್ಟು ಒಣಗಿಸಿ 785 ನ್ಯಾನೋಮೀಟರ್ ಲೇಸರ್‌ನಲ್ಲಿ ನೋಡುತ್ತೇನೆ. ಒಂದು ಜಾಗದಲ್ಲಿ 1380ರ (ರಾಮನ್ ಅಳತೆ, cm⁻¹) ಹತ್ತಿರ ಥೈರಾಮ್‌ನ ಪೀಕ್ ಜೋರಾಗಿ ಬರುತ್ತದೆ, ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಮಾಯ. ಚೆನ್ನಾಗಿ ಬಂದ ಸ್ಪೆಕ್ಟ್ರಮ್ ಒಂದನ್ನೇ ಹಾಕಿದರೆ ಸಾಕಾ?

ಲೇಸರ್_ಮೇಷ್ಟ್ರು:
ಸಾಕಾಗಲ್ಲ ಕಣಮ್ಮ. ಒಂದು ಜಾಗದ ಪೀಕ್ ನೋಡಿ ಎಷ್ಟು ಥೈರಾಮ್ ಇದೆ ಅಂತ ಹೇಳೋಕಾಗಲ್ಲ.

ಸಿಗ್ನಲ್ ಬರುವುದು ಬೆಳ್ಳಿಯ ಎಲ್ಲಾ ಕಡೆಯಿಂದ ಅಲ್ಲ, ಎರಡು ಕಣ ಒಂದೆರಡು ನ್ಯಾನೋಮೀಟರ್ ಹತ್ತಿರ ಬಂದಿರುವ ಸಂದಿಯಿಂದಲೇ ಜಾಸ್ತಿ. ಅಲ್ಲಿ ಬೆಳಕಿನ ಕ್ಷೇತ್ರ ಹತ್ತು ಪಟ್ಟಾದರೆ ರಾಮನ್ ಸಿಗ್ನಲ್ ಸುಮಾರು ಹತ್ತು ಸಾವಿರ ಪಟ್ಟಾಗುತ್ತದೆ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಒರಟು ಮಾಡಿದ ಬೆಳ್ಳಿ ಎಲೆಕ್ಟ್ರೋಡ್ ಮೇಲೆ ಪಿರಿಡಿನ್ ಅನ್ನುವ ಅಣುವಿನ ಜೋರು ಸಿಗ್ನಲ್ ಕಂಡವರು, ಮೇಲ್ಮೈ ಹೆಚ್ಚಿದ್ದರಿಂದ ಅಣುಗಳೂ ಹೆಚ್ಚು ಕೂತಿವೆ ಅಂದುಕೊಂಡಿದ್ದರು. ಅಷ್ಟರಿಂದ ಲೆಕ್ಕ ಸರಿಹೋಗಲ್ಲ ಅಂತ 1977ರಲ್ಲಿ ಬೇರೆ ಎರಡು ತಂಡಗಳು ತೋರಿಸಿದವು. ನಿಮ್ಮ ಹನಿ ಒಣಗುವಾಗ ಕಣಗಳೆಲ್ಲ ಅಂಚಿಗೆ ಹೋಗಿ ಉಂಗುರ ಕಟ್ಟುತ್ತವೆ. ಸಂದಿಗಳೂ ಅಲ್ಲೇ ಗುಂಪಾಗುತ್ತವೆ, ನಡುವೆ ಖಾಲಿ. ಮೈಕ್ರೋಸ್ಕೋಪ್‌ನಲ್ಲಿ ಆ ಉಂಗುರ ಕಾಣುತ್ತದೆ, ನೋಡಿ.

ಕೊಲಾಯ್ಡ್_ಕೆಲಸ:
ಒಣಗಿಸುವುದನ್ನೇ ಬಿಟ್ಟು ದ್ರವದಲ್ಲೇ ಅಳೆದು ನೋಡಿ. ಕೊಲಾಯ್ಡ್‌ಗೆ ದ್ರಾವಣ ಸೇರಿಸಿ, ಆಮೇಲೆ ಚೂರು ಉಪ್ಪುನೀರು ಹಾಕಿದರೆ ಕಣಗಳು ಗುಂಪುಗೂಡುತ್ತವೆ, ಬಣ್ಣ ಬೂದಿಯ ಕಡೆ ತಿರುಗುತ್ತದೆ. ಉಪ್ಪು ಜಾಸ್ತಿಯಾದರೆ ಎಲ್ಲಾ ತಳ ಸೇರುತ್ತದೆ, ಅದಕ್ಕೇ ಪ್ರಮಾಣವೂ ಬೆರೆಸಿದ ಮೇಲೆ ಕಾಯುವ ಹೊತ್ತೂ ಪ್ರತಿ ಸಲ ಒಂದೇ ಇರಲಿ. ಗುಂಪುಗಳು ಓಡಾಡುತ್ತಾ ಲೇಸರ್ ಮುಂದೆ ಹಾದು ಹೋಗುವುದರಿಂದ ಸರಾಸರಿ ತಾನಾಗೇ ಸಿಗುತ್ತದೆ. ಥೈರಾಮ್ ನಿಮಗೆ ಅನುಕೂಲದ ಅಣು: ನಡುವಿನ ಗಂಧಕದ ಬಂಧ ಮುರಿದು ಎರಡು ತುಂಡೂ ಬೆಳ್ಳಿಗೆ ಗಟ್ಟಿಯಾಗಿ ಅಂಟುತ್ತವೆ. ಬೆಳೆಗೆ ಹೊಡೆಯುವ ಎಲ್ಲಾ ಔಷಧಿಗಳೂ ಹೀಗೆ ಅಂಟಲ್ಲ.

ದ್ರಾಕ್ಷಿ_ಪ್ರಾಜೆಕ್ಟ್:
ಥ್ಯಾಂಕ್ಸ್! ಕೆಲವು ಜಾಗದಲ್ಲಿ 1350 ಮತ್ತು 1580ರ ಹತ್ತಿರ ಅಗಲವಾದ ದಿಬ್ಬಗಳು ಬರುತ್ತವೆ, ಅದೂ ಥೈರಾಮಾ?

ಲೇಸರ್_ಮೇಷ್ಟ್ರು:
ಅಲ್ಲ, ಅದು ಬಹುತೇಕ ಸುಟ್ಟ ಇಂಗಾಲ. ಲೇಸರ್ ಪವರ್ ಇಳಿಸಿ ನೋಡಿ. 1350ರ ದಿಬ್ಬ ನಿಮ್ಮ 1380ರ ಪೀಕನ್ನು ನುಂಗಿಬಿಡುತ್ತದೆ, ಹಾಗಾಗಿ ಔಷಧಿ ಹೊಡೆಯದ ದ್ರಾಕ್ಷಿಯ ಸಿಪ್ಪೆಯನ್ನೂ ಇದೇ ರೀತಿ ಅಳೆದು ಪಕ್ಕದಲ್ಲಿ ಹಾಕಲೇಬೇಕು.